ಗುಂಯ್ ಸದ್ದಿನ ಮೂಲ ಹೇಳುವ ಜಿ ತಂತಿ
ಮನೆಯಲ್ಲೇ ಕಟ್ಟಿದ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಬಾಸ್ ಆಂಪ್ಲಿಫೈಯರ್ ಗುಂಯ್‌ಗುಡುತ್ತಿದ್ದರೆ ಸಾಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಕೇಬಲ್ ಕಿತ್ತು, ವಾಲ್ಯೂಮ್ ಸೊನ್ನೆಗೆ ಇಳಿಸಿ, ಉಳಿಯುವ ಸದ್ದನ್ನು ಬಾಸ್ ಗಿಟಾರಿನ ಸ್ವರಕ್ಕೆ ಹೋಲಿಸಿ ನೋಡಿ. ಬೆರಳಿಡದೆ ಮೀಟಿದ ಜಿ ತಂತಿ 98 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್ 49. ನಮ್ಮ ಕರೆಂಟು 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ಪೂರ್ಣ ತರಂಗದ ರೆಕ್ಟಿಫೈಯರ್ ದಾಟಿದರೆ ಅದರ ಏರಿಳಿತ 100. ಹಾಗಾಗಿ ಸದ್ದು ಜಿ ತಂತಿಗೆ ಕೂಡಿದರೆ ಆ ಏರಿಳಿತವನ್ನು ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಸೋತಿದೆ, ಇಲ್ಲವೇ ಜೋಡಿ ಔಟ್‌ಪುಟ್ ವಾಲ್ವ್‌ಗಳ ಬಯಾಸ್ (ಸಂಗೀತವಿಲ್ಲದಾಗ ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯಬೇಕೆಂಬ ಹೊಂದಿಕೆ) ಸಮನಾಗಿಲ್ಲ. ಎರಡರ ಕರೆಂಟೂ ಸಮವಿದ್ದಾಗ ಟ್ರಾನ್ಸ್‌ಫಾರ್ಮರಿನಲ್ಲಿ ಏರಿಳಿತ ಪರಸ್ಪರ ರದ್ದಾಗುತ್ತದೆ. ಪ್ರತಿ ವಾಲ್ವಿನ ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊರಸೂಸುವ ತುದಿ) 1 ಓಮ್ ರೆಸಿಸ್ಟರ್ ಇದ್ದರೆ ಅಳೆಯುವುದು ಸುಲಭ: 35 ಮಿಲಿವೋಲ್ಟ್ ಎಂದರೆ 35 ಮಿಲಿಆಂಪಿಯರ್. ಸದ್ದು ಒಂದು ಸ್ಥಾಯಿ ಕೆಳಗಿದ್ದರೆ, ಅಂದರೆ 50 ಹರ್ಟ್ಸ್ ಆದರೆ, ವಾಲ್ವ್ ಕಾಯಿಸುವ ಹೀಟರ್ ತಂತಿಗಳ ಹೆಣಿಗೆಯನ್ನೂ ಟ್ರಾನ್ಸ್‌ಫಾರ್ಮರ್ ಇಟ್ಟ ಜಾಗವನ್ನೂ ನೋಡಿ. ಬಯಾಸ್ ಪೂರೈಕೆ ಅರ್ಧ ತರಂಗದ್ದಾದರೆ ಅದರ ಕೆಪಾಸಿಟರ್ ಕೆಟ್ಟಾಗಲೂ 50 ಹರ್ಟ್ಸೇ ಬರುತ್ತದೆ, ಇದನ್ನು ಮರೆಯಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಚೌಕ ತರಂಗದ ಇನ್ವರ್ಟರ್ ಮೇಲೆ ಓಡಿಸುವಾಗ ಈ ಉಪಾಯ ನಡೆಯುವುದಿಲ್ಲ. ಆಗ ಎಲ್ಲ ಸ್ವರಗಳೂ ಕಲೆತ ಕರ್ಕಶ ಸದ್ದೇ ಕೇಳುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಬಯಾಸ್ ಹೊಂದಿಸುವ ಮುನ್ನ ಗೋಡೆಯ ವೋಲ್ಟೇಜನ್ನೂ ಅಳೆಯಿರಿ: 200ಕ್ಕೆ ಇಳಿದಾಗ ಹೊಂದಿಸಿದ ಬಯಾಸ್ 240 ಬಂದಾಗ ವಾಲ್ವನ್ನು ಕೆಂಪಗೆ ಕಾಯಿಸಬಹುದು. ದಯವಿಟ್ಟು ಒಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಅಲ್ಲಿ 400 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.