ತೋಟದ ನಲ್ಲಿ ಸೋರುತ್ತಿದ್ದರೆ ಮೊದಲು ಹಿಡಿಯಿಂದ ಕೈ ತೆಗೆಯಿರಿ

ನಲ್ಲಿ ತೊಟ್ಟಿಕ್ಕುವುದು ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಹಿಡಿಯನ್ನು ಇನ್ನಷ್ಟು ಬಲವಾಗಿ ತಿರುಗಿಸುತ್ತಾರೆ. ಆ ಹೊತ್ತಿಗೆ ನೀರು ನಿಲ್ಲುತ್ತದೆ. ಆದರೆ ಒಳಗಿರುವ ಪುಟ್ಟ ರಬ್ಬರ್ ವಾಷರ್ ಹಿತ್ತಾಳೆಯ ಅಂಚಿಗೆ ಒತ್ತಿ ಒತ್ತಿ ಸವೆಯುತ್ತಾ ಹೋಗುತ್ತದೆ. ಕೆಲವು ದಿನ ಕಳೆದರೆ ಇನ್ನೂ ಜಾಸ್ತಿ ಬಲ ಬೇಕು. ಕೊನೆಗೆ ಮನೆಯ ವಯಸ್ಸಾದವರ ಕೈಗೆ ತಿರುಗುವುದೇ ಇಲ್ಲ, ಸೋರುವುದು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಮೊದಲೇ ಹೇಳುತ್ತೇನೆ, ಸೋರುವ ನಲ್ಲಿಗೆ ಬಲ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡುವ ಕಣ್ಣು ಬೇಕು.

ನಾನಿರುವುದು ಬೆಂಗಳೂರಿನ ವಿಜಯನಗರದ ಹಳೇ ಮನೆಯಲ್ಲಿ. ಮುಂದೆ ದಾಸವಾಳ, ನಂದಬಟ್ಟಲು. ಪಕ್ಕದ ಓಣಿಯಲ್ಲಿ ಕರಿಬೇವು, ಬಾಳೆ. ಗಿಡಗಳಿಗೆಂದು ಎರಡು ನಲ್ಲಿ ಇವೆ. ಒಂದು ನೇರ ಕಾವೇರಿ ಲೈನಿನದು, ಇನ್ನೊಂದು ತಾರಸಿಯ ಟ್ಯಾಂಕಿನದು. ಎರಡರ ರಿಪೇರಿಯೂ ನನ್ನದೇ. ಮಾವನವರು ಇಟ್ಟುಕೊಂಡಿದ್ದ ಎರಡು ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್, ಟೆಫ್ಲಾನ್ ಟೇಪ್, ಒಂದಿಷ್ಟು ವಾಷರ್ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮನೆಗೆ ಇಷ್ಟು ಸಾಕು.

ಹನಿ ತಾನೇ, ಬಿಡಿ ಎನ್ನುವವರು ಒಂದು ಕೆಲಸ ಮಾಡಿ. ನಲ್ಲಿಯ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಿ. ಒಂದು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್. ನಮ್ಮೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಬರುತ್ತದೆ. ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ನೀರು ಕಲ್ಲಿನ ಮೇಲೆ ಸುಮ್ನೆ ಹರಿದುಹೋಗುವುದನ್ನು ನೋಡಲು ನನಗೆ ಆಗುವುದಿಲ್ಲ. ಕೆಳಗೆ ನೀರು ನಿಂತರೆ ಡೆಂಗಿ ಸೊಳ್ಳೆಗೂ ಅನುಕೂಲ. ಕರಿಬೇವಿನ ಬುಡವಂತೂ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ.

ಈಗ ಪರೀಕ್ಷೆ. ನಲ್ಲಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಿಡಿಯ ಬುಡಕ್ಕೆ ಒಂದು, ಗೋಡೆಯ ಕಡೆ ನಲ್ಲಿ ಸೇರುವ ಜಾಗಕ್ಕೆ ಒಂದು ಒಣ ಪೇಪರ್ ಚೂರು ಸುತ್ತಿ. ಮೊದಲು ನಲ್ಲಿ ಮುಚ್ಚಿಟ್ಟು ನೋಡಿ, ಆಮೇಲೆ ತೆರೆದು ನೋಡಿ. ಮುಚ್ಚಿದಾಗ ಬಾಯಿಂದ ಹನಿ ಬಿದ್ದರೆ ವಾಷರ್ ಸವೆದಿದೆ. ತೆರೆದಾಗ ಮಾತ್ರ ಹಿಡಿಯ ಬುಡದಿಂದ ಜಿನುಗಿದರೆ ಗ್ಲ್ಯಾಂಡ್, ಅಂದರೆ ಹಿಡಿಯ ಕಡ್ಡಿಯ ಸುತ್ತ ನೀರು ತಡೆಯುವ ಭಾಗ, ಸಡಿಲವಾಗಿದೆ. ಗೋಡೆಯ ಕಡೆಯ ಪೇಪರ್ ಒದ್ದೆಯಾದರೆ ಜೋಡಣೆಯಲ್ಲಿ ತೊಂದರೆ. ನಲ್ಲಿಯ ಮೈಯಲ್ಲೇ ಬಿರುಕು ಕಂಡರೆ ಎಂ-ಸೀಲ್ ಮೆತ್ತಿ ದಿನ ದೂಡಬೇಡಿ, ಹೊಸದು ಹಾಕಿ.

ಸ್ಪ್ಯಾನರ್ ಮುಟ್ಟುವ ಮೊದಲು ನೀರು ನಿಲ್ಲಿಸಬೇಕು. ಟ್ಯಾಂಕಿನ ಲೈನ್ ಆದರೆ ತಾರಸಿಯ ಗೇಟ್ ವಾಲ್ವ್ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಜಾಮ್ ಆಗಿರುತ್ತದೆ. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸುತ್ತಾ ಸಡಿಲ ಮಾಡಿ. ಪೈಪ್ ರೆಂಚ್ ಹಾಕಿ ಜಗ್ಗಿದರೆ ಅದರ ಕಡ್ಡಿಯೇ ಮುರಿದು ಇಡೀ ಟ್ಯಾಂಕ್ ಖಾಲಿ ಮಾಡಬೇಕಾದೀತು. ಕಾವೇರಿ ಲೈನ್ ಆದರೆ ಮೀಟರ್ ಪಕ್ಕದ ವಾಲ್ವ್ ಮುಚ್ಚಿ. ಅದೂ ಕೆಟ್ಟಿದ್ದರೆ ನೀರು ಬಿಡದ ದಿನ ಕೆಲಸ ಇಟ್ಟುಕೊಳ್ಳಿ. ಆಮೇಲೆ ತೋಟದ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಪೂರ್ತಿ ಇಳಿಯಲು ಬಿಡಿ.

ವಾಷರ್ ಬದಲಿಸುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊರಗಿನ ಹಳೇ ಹಿತ್ತಾಳೆ ನಲ್ಲಿಗಳಲ್ಲಿ ಹೆಚ್ಚಾಗಿ ಕೆಡುವುದು ಇದೇ. ಹಿಡಿಯನ್ನು ಅರ್ಧ ತೆರೆದ ಸ್ಥಿತಿಯಲ್ಲಿ ಇಡಿ. ಪೂರ್ತಿ ಮುಚ್ಚಿದ್ದರೆ ವಾಷರ್ ಕೆಳಗೆ ಒತ್ತಿಕೊಂಡಿರುತ್ತದೆ, ಬಿಚ್ಚಲು ಕಷ್ಟ. ನಲ್ಲಿಯ ತಲೆಯ ಕೆಳಗೆ ಆರು ಮೂಲೆಯ ದೊಡ್ಡ ಭಾಗವಿದೆ ಅಲ್ವಾ? ಅದಕ್ಕೆ ಬಟ್ಟೆ ಸುತ್ತಿ ಒಂದು ಸ್ಪ್ಯಾನರ್ ಹಾಕಿ. ಇನ್ನೊಂದು ಸ್ಪ್ಯಾನರ್‌ನಿಂದ ನಲ್ಲಿಯ ಮೈಯನ್ನು ಅಲುಗಾಡದಂತೆ ಹಿಡಿಯಿರಿ. ಈ ಎರಡನೇ ಸ್ಪ್ಯಾನರ್ ಬಿಡಲೇಬಾರದು. ಅದಿಲ್ಲದಿದ್ದರೆ ನಿಮ್ಮ ಬಲವೆಲ್ಲ ಗೋಡೆಯೊಳಗಿನ ಎಲ್ಬೋ, ಅಂದರೆ ನಲ್ಲಿ ಕೂರುವ ಮೊಣಕೈಯಂತೆ ಬಾಗಿದ ಜೋಡಣೆಯ ಮೇಲೆ ಬೀಳುತ್ತದೆ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ತುಕ್ಕು ಹಿಡಿದಿದ್ದರೆ ಅಲ್ಲೇ ಮುರಿಯುತ್ತದೆ. ಆಗ ಕೆಲವೇ ರೂಪಾಯಿಯ ಕೆಲಸ ಗೋಡೆ ಒಡೆಯುವ ಕೆಲಸವಾಗುತ್ತದೆ.

ತಲೆಯನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ ಹೊರತೆಗೆಯಿರಿ. ಅದರ ತುದಿಯಲ್ಲಿ ವಾಷರ್ ಕೂತಿರುತ್ತದೆ. ಕೆಲವದರಲ್ಲಿ ಪುಟ್ಟ ನಟ್ ಹಿಡಿದಿರುತ್ತದೆ, ಕೆಲವದರಲ್ಲಿ ಸುಮ್ನೆ ಸಿಕ್ಕಿಸಿರುತ್ತಾರೆ. ವಾಷರ್ ಇರುವ ಬಿಲ್ಲೆ ಕೆಲವೊಮ್ಮೆ ತಲೆಯ ಜೊತೆ ಬರದೆ ನಲ್ಲಿಯೊಳಗೇ ಉಳಿದಿರುತ್ತದೆ, ಇಣುಕಿ ನೋಡಿ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಸಾಲಾಗಿ ಇಡಿ. ಮಣ್ಣಿಗೆ ಬಿದ್ದ ಪುಟ್ಟ ನಟ್ ಸಿಗುವುದು ಕಷ್ಟ.

ಹಳೇ ವಾಷರ್ ಮೇಲೆ ಬಳೆಯಂತೆ ದುಂಡನೆಯ ಗುರುತು ಬಿದ್ದಿರುತ್ತದೆ. ಅದನ್ನೇ ಕೈಯಲ್ಲಿ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಅರ್ಧ ಇಂಚು ನಲ್ಲಿಯ ವಾಷರ್ ಎಂದು ಬರೀ ಬಾಯಲ್ಲಿ ಕೇಳಿದರೆ ಒಂದು ಕೂದಲೆಳೆ ದೊಡ್ಡದು, ಚಿಕ್ಕದು ಕೊಟ್ಟುಬಿಡುತ್ತಾರೆ. ಜೊತೆಗೆ ಒಂದೆರಡು ಜಾಸ್ತಿ ತೆಗೆದುಕೊಳ್ಳಿ. ಅಂಗಡಿ ಮುಚ್ಚಿದ್ದರೆ ಹಳೇ ವಾಷರನ್ನೇ ತಿರುವಿ ಹಾಕಿ, ಹಿಂಬದಿ ಚೆನ್ನಾಗಿದ್ದರೆ ಕೆಲವು ದಿನ ನಡೆಯುತ್ತದೆ.

ಹೊಸದನ್ನು ಹಾಕುವ ಮೊದಲು ಬೆರಳನ್ನು ನಲ್ಲಿಯೊಳಗೆ ಇಳಿಸಿ. ವಾಷರ್ ಕೂರುವ ದುಂಡನೆಯ ಅಂಚನ್ನು ಮುಟ್ಟಿ ನೋಡಿ. ಅಲ್ಲಿ ಮರಳು, ಬೋರ್‌ವೆಲ್ ನೀರಿನ ಬಿಳೀ ಸುಣ್ಣದ ಪದರ ಕಟ್ಟಿದ್ದರೆ ಹುಣಸೆಹಣ್ಣಿನ ರಸ ಅಥವಾ ವಿನೆಗರ್ ಹಾಕಿದ ಬಟ್ಟೆಯಿಂದ ಉಜ್ಜಿ, ತೊಳೆಯಿರಿ. ಅಂಚು ನುಣುಪಾಗಿದ್ದರೆ ನಲ್ಲಿಗೆ ಇನ್ನೂ ಆಯಸ್ಸಿದೆ. ಉಗುರಿಗೆ ಗೀರು, ಹಳ್ಳ ತಗುಲಿದರೆ ಎಷ್ಟು ಹೊಸ ವಾಷರ್ ಹಾಕಿದರೂ ಸೋರುತ್ತದೆ. ಆಗ ನಲ್ಲಿಯನ್ನೇ ಬದಲಿಸಿ.

ಜೋಡಿಸುವಾಗಲೂ ಹಿಡಿ ಅರ್ಧ ತೆರೆದೇ ಇರಲಿ. ಮೊದಲು ಕೈಯಲ್ಲೇ ಕೂರಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಸ್ವಲ್ಪ ಬಿಗಿ ಮಾಡಿ.

ಹಿಡಿಯ ಬುಡದಿಂದ ಜಿನುಗುವುದು ಇದಕ್ಕಿಂತ ಸುಲಭ. ಅಲ್ಲಿರುವ ಚಿಕ್ಕ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ನೀರು ನಿಲ್ಲಿಸಿ ನಟ್ ಬಿಚ್ಚಿ. ಒಳಗೆ ಕಡ್ಡಿಗೆ ಸುತ್ತಿರುವ ಹಳೇ ದಾರ ಕಿತ್ತು ತೆಗೆದು, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ಕಡ್ಡಿಗೆ ಕೆಲವು ಸುತ್ತು ಸುತ್ತಿ, ನಟ್ ಕೂರಿಸಿ. ಗ್ರೀಸ್ ಸವರಿದ ಹತ್ತಿ ದಾರವೂ ಆಗುತ್ತದೆ. ಹಿಡಿ ಬೆರಳಿನಲ್ಲೇ ತಿರುಗುವಷ್ಟು ಹಗುರವಾಗಿರಬೇಕು.

ಗೋಡೆಯ ಕಡೆ ಸೋರುತ್ತಿದ್ದರೆ ನಲ್ಲಿಯನ್ನು ಪೂರ್ತಿ ಹೊರಗೆ ತೆಗೆಯಬೇಕು. ಪೈಪ್ ಗೋಡೆಯ ಹೊರಗೇ ಇದ್ದರೆ ಎಲ್ಬೋವನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ನಲ್ಲಿಯ ಥ್ರೆಡ್‌ನಲ್ಲಿರುವ (ತಿರುಪಿನ ಗೀರುಗಳಲ್ಲಿರುವ) ಹಳೇ ಟೇಪ್, ತುಕ್ಕು ಎಲ್ಲವನ್ನೂ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಥ್ರೆಡ್‌ನ ತುದಿ ನಿಮ್ಮ ಮುಖದ ಕಡೆ ಇರಲಿ. ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಎಳೆದು ಸುತ್ತಿ. ಎದುರು ದಿಕ್ಕಿನಲ್ಲಿ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪ್ ಬಿಚ್ಚಿಕೊಂಡು ಬರುತ್ತದೆ. ನಮ್ಮ ಅಂಗಡಿಗಳ ತೆಳು ಟೇಪ್ ಆದರೆ ಹತ್ತು ಹದಿನೈದು ಸುತ್ತು ಬೇಕು. ಥ್ರೆಡ್‌ನ ತುದಿಯ ಮೊದಲ ಗೀರು ಖಾಲಿ ಬಿಡಿ, ಟೇಪಿನ ಎಳೆ ನೀರಿನ ದಾರಿಗೆ ಬರಬಾರದು.

ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಉಳಿದದ್ದು ಸ್ಪ್ಯಾನರ್‌ನಿಂದ. ಬಾಯಿ ಕೆಳಮುಖವಾಗಿ ನಿಲ್ಲಬೇಕು. ಒಂದುವೇಳೆ ಮುಂದೆ ಹೋದರೆ ಹಿಂದಕ್ಕೆ ತಿರುಗಿಸಿ ನೇರ ಮಾಡಬೇಡಿ, ಟೇಪಿನ ಹಿಡಿತ ಬಿಟ್ಟುಹೋಗುತ್ತದೆ. ಬಿಚ್ಚಿ ಹೊಸದಾಗಿ ಟೇಪ್ ಸುತ್ತಿ. ಯುಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಇದ್ದವರಿಗೆ ಇನ್ನೊಂದು ಮಾತು. ಬರೀ ಪ್ಲಾಸ್ಟಿಕ್ ಥ್ರೆಡ್ ಇರುವ ಎಲ್ಬೋಗೆ ಹಿತ್ತಾಳೆ ನಲ್ಲಿ ಬಿಗಿದರೆ ಎಲ್ಬೋ ಸೀಳುತ್ತದೆ. ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಸಿಗುತ್ತದೆ, ಅದನ್ನೇ ಹಾಕಿಸಿ. ತೋಟದಲ್ಲಿ ನೆಟ್ಟಗೆ ನಿಂತ ಪೈಪನ್ನು ಒಂದು ಕಲ್ಲಿನ ಕಂಬಕ್ಕೋ ಕಬ್ಬಿಣದ ಗೂಟಕ್ಕೋ ಕ್ಲ್ಯಾಂಪ್ ಮಾಡಿ. ಹೋಸ್ ಪೈಪ್ ಹಿಡಿದು ಎಳೆಯುವಾಗ ಜೋಡಣೆ ಅಲ್ಲಾಡುವುದೇ ಎಷ್ಟೋ ಸೋರಿಕೆಗೆ ಕಾರಣ.

ಹೊಸ ನಲ್ಲಿ ಕೊಳ್ಳುವುದಾದರೆ, ಕಾಂಪೌಂಡ್ ಒಳಗೆ ಸುರಕ್ಷಿತ ಜಾಗವಿದ್ದರೆ ನಾನು ಹಳೇ ಮಾದರಿಯ ಹಿತ್ತಾಳೆ ನಲ್ಲಿಯನ್ನೇ ಹೇಳುತ್ತೇನೆ. ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಯ ಒಳಗೆ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಮರಳು ಬರುವ ಬೋರ್‌ವೆಲ್ ನೀರಿಗೆ ಅವು ಗೀರುತ್ತವೆ, ಆಗ ಆ ಬಿಲ್ಲೆಗಳಿರುವ ಒಳಭಾಗವನ್ನೇ (ಕಾರ್ಟ್ರಿಜ್) ಬದಲಿಸಬೇಕು. ಬೀದಿಗೆ ಕಾಣುವ ಹಿತ್ತಾಳೆ ನಲ್ಲಿ ಕಳುವಾಗುವುದೂ ಉಂಟು. ಅಲ್ಲಿಗೆ ಗಟ್ಟಿ ಪ್ಲಾಸ್ಟಿಕ್ ನಲ್ಲಿ ಸಾಕು.

ಕೆಲಸ ಮುಗಿದ ಮೇಲೆ ವಾಲ್ವನ್ನು ನಿಧಾನ ತೆರೆಯಿರಿ. ತೋಟದ ನಲ್ಲಿಯನ್ನು ಸ್ವಲ್ಪ ಹೊತ್ತು ತೆರೆದಿಡಿ, ಒಳಗಿನ ಗಾಳಿ ಬುಸ್ ಎಂದು ಹೊರಬಂದು ನೀರು ಸಮವಾಗುತ್ತದೆ. ಮತ್ತೆ ಒಣ ಪೇಪರ್ ಸುತ್ತಿ ಒಂದು ಗಂಟೆ ಬಿಡಿ. ನಲ್ಲಿ ಕಾವೇರಿ ಲೈನಿನದಾಗಿದ್ದರೆ, ನೀರು ಬರುವ ಹೊತ್ತಿನಲ್ಲಿ ಸಂಪಿಗೆ ಹೋಗುವುದನ್ನೂ ಮನೆಯ ಉಳಿದ ನಲ್ಲಿಗಳನ್ನೂ ಮುಚ್ಚಿ ಮೀಟರ್ ನೋಡಿ. ಪೇಪರ್ ಒಣಗಿದ್ದೂ ಮೀಟರ್ ಓಡುತ್ತಿದ್ದರೆ ನೀರು ನೆಲದಡಿಯ ಪೈಪಿನಲ್ಲೋ ಗೋಡೆಯೊಳಗೋ ಹೋಗುತ್ತಿದೆ. ಅಲ್ಲಿಗೆ ನಮ್ಮ ಬಿಸ್ಕತ್ತು ಡಬ್ಬಿಯ ಕೆಲಸ ಮುಗಿಯಿತು, ಪ್ಲಂಬರ್‌ಗೆ ಫೋನ್ ಮಾಡಿ.