ಮೈಸೂರಿನಲ್ಲಿ ಒಂಟಿ ಅನ್ನಿಸುತ್ತಿದೆಯಾ? ಒಂದು ಕೆಲಸ ಕೇಳಿ ಪಡೆಯಿರಿ

ಯಜಮಾನರು ಹೋದ ಮೇಲೆ ಮಂಡ್ಯ ಬಿಟ್ಟು ಮಗಳ ಮನೆಗೆ ಬಂದೆ. ಹಗಲೆಲ್ಲಾ ಮಾತಿಗೊಬ್ಬರಿಲ್ಲ. ದಿನಾ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು ಬರುತ್ತಿದ್ದೆ. ಬೇಸರ ಹಾಗೇ ಇತ್ತು.

ಒಂದು ಶನಿವಾರ ಹೂ ಕಟ್ಟುವವರ ಪಕ್ಕ ಕೂತು "ನಾನೂ ಕಟ್ಟಲಾ?" ಅಂದೆ. ಒಬ್ಬರು ಬಾಳೆನಾರು ನೀರಲ್ಲಿ ಅದ್ದಿ ಕೈಗೆ ಕೊಟ್ಟರು. ಮುಂದೊಂದು ವಾರ ಹೋಗಲಿಲ್ಲ, ಫೋನ್ ಬಂತು: "ಯಾಕಕ್ಕ ಬರ್ಲಿಲ್ಲ, ಹುಷಾರಾಗಿದ್ದೀರಾ?" ಕಣ್ಣು ತುಂಬಿ ಬಂತು.

ಅದಕ್ಕೇ ಹೇಳುತ್ತೇನೆ, ಸುಮ್ನೆ ದರ್ಶನ ಮಾಡಿ ಬರಬೇಡಿ. ಪ್ರಸಾದ ಬಡಿಸುವುದೋ, ಭಜನೆಗೆ ತಾಳ ಹಾಕುವುದೋ, ಏನಾದರೂ ಕೇಳಿ ಮಾಡಿ. ವಾರ, ಹೊತ್ತು ಬದಲಾಯಿಸಬೇಡಿ, ಮುಖ ಪರಿಚಯ ಆಗುವುದೇ ಹಾಗೆ. ಚರ್ಚು, ಮಸೀದಿಗೆ ಹೋಗುವವರಿಗೂ ಇದೇ ಮಾತು.

ಕಾಲು ಗಟ್ಟಿ ಇದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಸುಮಾರು 700ನೇ ಮೆಟ್ಟಿಲ ಹತ್ತಿರ ನಂದಿ. ಅಲ್ಲಿ ಎಲ್ಲರೂ ಕೂತು ಸುಧಾರಿಸಿಕೊಳ್ಳುತ್ತಾರೆ, ಮಾತು ತಾನಾಗೇ ಶುರುವಾಗುತ್ತದೆ. ಆಷಾಢ ಶುಕ್ರವಾರ ಮಾತ್ರ ಬೇಡ, ಜನ ಜಾಸ್ತಿ.

ರಾತ್ರಿ ನಿದ್ದೆಯೇ ಬಾರದಷ್ಟು ಸಂಕಟ ಇದ್ದರೆ ತಡ ಮಾಡದೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.