ಫೆಡರಲ್ ತೆರಿಗೆ ಸೊನ್ನೆ, ಕ್ಯಾಲಿಫೋರ್ನಿಯಾ ಮಾತ್ರ ಬಿಡಲಿಲ್ಲ

2022ರ ಆಗಸ್ಟ್ ಮೊದಲ ವಾರ ಜೆ-1 ವೀಸಾದಲ್ಲಿ (ಓದು, ಸಂಶೋಧನೆಯಂಥ ವಿನಿಮಯಕ್ಕೆ ಕೊಡುವ ವೀಸಾ) ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಹೋದೆ. ಧಾರವಾಡ ಬಿಡುವ ಮೊದಲೇ ಒಂದು ವಿಷಯ ಓದಿಕೊಂಡಿದ್ದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಪ್ರಕಾರ, ಪಾಠ ಮಾಡಲು ಅಥವಾ ಸಂಶೋಧನೆಗೆ ಬಂದ ಭಾರತದವರಿಗೆ ಎರಡು ವರ್ಷ ಅಲ್ಲಿನ ತೆರಿಗೆ ಇಲ್ಲ. ತಿಂಗಳಿಗೆ 5,000 ಡಾಲರ್ ಸಂಬಳ. ಪೂರ್ತಿ ಕೈಗೆ ಬರುತ್ತದೆ ಅಂದುಕೊಂಡೇ ಬಾಡಿಗೆ ಮನೆ ಹಿಡಿದೆ.

ಹೋದ ಕೂಡಲೇ ಸೋಶಿಯಲ್ ಸೆಕ್ಯೂರಿಟಿ ನಂಬರ್ ಮಾಡಿಸಿ, ಒಪ್ಪಂದದ ವಿನಾಯಿತಿ ಕೇಳುವ 8233 ಫಾರ್ಮ್ ತುಂಬಿ ಸಂಬಳದ ವಿಭಾಗಕ್ಕೆ ಕೊಟ್ಟೆ. (ಇದನ್ನು ಪ್ರತಿ ಜನವರಿಯಲ್ಲೂ ಹೊಸದಾಗಿ ಕೊಡಬೇಕು.) ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ತೆರಿಗೆ ಕಡಿತ ನಿಂತಿತು. ರಾಜ್ಯದ ಕಡಿತ ನಿಲ್ಲಲಿಲ್ಲ. ಕೇಳಿದರೆ ಕಚೇರಿಯ ಹೆಂಗಸು ನಕ್ಕು, "ಒಪ್ಪಂದ ವಾಷಿಂಗ್ಟನ್ ಜೊತೆಗೆ, ನಮ್ಮ ರಾಜ್ಯದ ಜೊತೆಗಲ್ಲ" ಅಂದರು. ನನಗೆ ನಂಬಿಕೆ ಬರಲಿಲ್ಲ. ಯಾಕೆಂದರೆ ನ್ಯೂಯಾರ್ಕ್ ರಾಜ್ಯದಲ್ಲಿದ್ದ ಗೆಳೆಯ ಇದೇ ವೀಸಾದಲ್ಲಿ, ಇದೇ ವಿಧಿಯಡಿ, ರಾಜ್ಯಕ್ಕೂ ಬಿಡಿಗಾಸು ಕಟ್ಟಿರಲಿಲ್ಲ.

"ರಾಜ್ಯದ ರಿಟರ್ನಿನಲ್ಲಿ ಸುಮ್ನೆ ಸೊನ್ನೆ ಬರಿ ಮಾರಾಯ, ಹಿಡಿದಿದ್ದು ವಾಪಸ್ ಬರುತ್ತೆ" ಅಂದ ಅವನು. ಬರೆದೆ. ವರ್ಷದ ಸಂಬಳ, ಕಡಿತ ತೋರಿಸುವ ಡಬ್ಲ್ಯೂ-2 ಚೀಟಿಯಲ್ಲಿ ಫೆಡರಲ್ ಸಂಬಳದ 1ನೇ ಮನೆ ಖಾಲಿ ಇತ್ತು. 16ನೇ ಮನೆಯಲ್ಲಿ, ಅಂದರೆ ರಾಜ್ಯದ ಸಂಬಳದ ಜಾಗದಲ್ಲಿ, 25,000 ಡಾಲರ್ ಇತ್ತು. ಅದನ್ನು ನೋಡಿಯೂ ವರ್ಷದ ಸ್ವಲ್ಪ ಭಾಗ ಮಾತ್ರ ಅಲ್ಲಿದ್ದವರು ತುಂಬುವ ರಾಜ್ಯದ 540-ಎನ್‌ಆರ್ ಫಾರ್ಮಿನಲ್ಲಿ, ಸಂಬಳ ಬರೆಯುವ 12ನೇ ಸಾಲಿನಲ್ಲಿ ಸೊನ್ನೆ ಹಾಕಿದ್ದು ನನ್ನದೇ ಜಾಣತನ. ಹಣ ವಾಪಸ್ ಬಂತು. ಕೆಲವು ತಿಂಗಳ ನಂತರ ನೋಟಿಸೂ ಬಂತು. ಬಡ್ಡಿ ಸಮೇತ ಕಟ್ಟಿದೆ.

ಆಮೇಲೆ ಕೂತು ಒಪ್ಪಂದವನ್ನೇ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ. 1989ರಲ್ಲಿ ಸಹಿಯಾದ ಆ ಒಪ್ಪಂದದ 2ನೇ ವಿಧಿಯಲ್ಲಿ, ಯಾವ ತೆರಿಗೆಗೆ ಇದು ಅನ್ವಯ ಎಂದು ಬರೆದಿದೆ. ಅಮೆರಿಕದ ಕಡೆಯಿಂದ ಅಲ್ಲಿರುವುದು ಫೆಡರಲ್ ತೆರಿಗೆ ಮಾತ್ರ. ಅಣ್ಣ ಮನ್ನಾ ಮಾಡಿದ ಸಾಲವನ್ನು ತಮ್ಮನೂ ಮನ್ನಾ ಮಾಡಬೇಕೆಂದೇನಿಲ್ಲವಲ್ಲ. ಹಾಗಾದರೆ ನ್ಯೂಯಾರ್ಕ್ ಯಾಕೆ ಬಿಟ್ಟಿತು? ಆ ರಾಜ್ಯದ ಲೆಕ್ಕ ಶುರುವಾಗುವುದೇ ಫೆಡರಲ್ ರಿಟರ್ನಿನ ಆದಾಯದಿಂದ. ಅಲ್ಲಿ ಸಂಬಳ ಸೇರದಿದ್ದರೆ ರಾಜ್ಯದ ಲೆಕ್ಕಕ್ಕೂ ಬರುವುದಿಲ್ಲ. ಕ್ಯಾಲಿಫೋರ್ನಿಯಾ ಹಾಗಲ್ಲ. ಒಪ್ಪಂದದಲ್ಲೇ ರಾಜ್ಯದ ತೆರಿಗೆಗೂ ವಿನಾಯಿತಿ ಎಂದು ಬರೆದಿದ್ದರೆ ಮಾತ್ರ ಬಿಡುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕೂಡ ಒಪ್ಪಂದಕ್ಕೆ ಸೊಪ್ಪು ಹಾಕುವುದಿಲ್ಲ. ಟೆಕ್ಸಾಸ್, ಫ್ಲೋರಿಡಾದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಗೆಳೆಯ ಹೇಳಿದ್ದು ಅವನ ರಾಜ್ಯಕ್ಕೆ ಸರಿಯೇ ಇತ್ತು.

2023ರ ರಿಟರ್ನ್ ಸರಿಯಾಗಿ ಮಾಡಿದೆ. ಫೆಡರಲ್‌ಗೆ 1040-ಎನ್‌ಆರ್, ಅಂದರೆ ನಿವಾಸಿಗಳಲ್ಲದ ವಿದೇಶಿಯರ ಫಾರ್ಮ್. ಕ್ಯಾಲಿಫೋರ್ನಿಯಾಗೆ ನಿವಾಸಿಗಳ ಫಾರ್ಮ್ 540, ಯಾಕೆಂದರೆ ವರ್ಷದಲ್ಲಿ ಒಂಬತ್ತು ತಿಂಗಳಿಗಿಂತ ಜಾಸ್ತಿ ಅಲ್ಲಿದ್ದವರನ್ನು ಆ ರಾಜ್ಯ ತನ್ನ ನಿವಾಸಿ ಎಂದೇ ಎಣಿಸುತ್ತದೆ. ಫೆಡರಲ್‌ಗೆ ಹೊರಗಿನವನು, ರಾಜ್ಯಕ್ಕೆ ಒಳಗಿನವನು! ಫೆಡರಲ್ ಲೆಕ್ಕಕ್ಕೂ ರಾಜ್ಯದ ಲೆಕ್ಕಕ್ಕೂ ಇರುವ ವ್ಯತ್ಯಾಸ ತೋರಿಸುವ ಶೆಡ್ಯೂಲ್ ಸಿಎಯಲ್ಲಿ ಫೆಡರಲ್ ಮೊತ್ತದ ಕಾಲಂನಲ್ಲಿ ಸೊನ್ನೆ, ಕೂಡಿಸುವ ಸಿ ಕಾಲಂನಲ್ಲಿ 60,000. ಕೊನೆಗೆ ಬಿದ್ದ ತೆರಿಗೆ 1,750 ಡಾಲರ್ ಆಸುಪಾಸು. ಇಷ್ಟಕ್ಕೆ ಅಷ್ಟೊಂದು ಗೋಳಾಡಿದ್ದೆ.

ಇದಕ್ಕಿಂತ ದೊಡ್ಡ ಹಳ್ಳ ಬೇರೆ ಇತ್ತು. 2024ರಲ್ಲಿ ಪ್ರೊಫೆಸರ್ ಇನ್ನಾರು ತಿಂಗಳು ಇರಲು ಹೇಳಿದರು. ವಾಸ ಎರಡು ವರ್ಷ ದಾಟಿದರೆ 22ನೇ ವಿಧಿಯ ವಿನಾಯಿತಿ ಮೊದಲ ದಿನದಿಂದಲೇ ಹೋಗುತ್ತದೆ. ಅಂದರೆ ಎರಡೂ ವರ್ಷದ ಫೆಡರಲ್ ತೆರಿಗೆಯನ್ನು ತಿರುಗಿ ಕಟ್ಟಬೇಕು. ಜುಲೈ ಕೊನೆಯಲ್ಲಿ ವಿಮಾನ ಹತ್ತಿದೆ.

ಊರಿಗೆ ಬಂದ ಮೇಲೆ ಆಡಿಟರ್ ಇನ್ನೊಂದು ಬಾಂಬ್ ಹಾಕಿದರು. "ಸರ್, ಈ ಆರ್ಥಿಕ ವರ್ಷ ನೀವು ಇಲ್ಲಿನ ನಿವಾಸಿ. ಏಪ್ರಿಲ್‌ನಿಂದ ಜುಲೈವರೆಗಿನ ಡಾಲರ್ ಸಂಬಳವನ್ನೂ ತೋರಿಸಬೇಕು." 182 ದಿನಕ್ಕಿಂತ ಜಾಸ್ತಿ ಇಲ್ಲಿದ್ದೆ, ವಾದಿಸಲು ಜಾಗವಿರಲಿಲ್ಲ. ಅಮೆರಿಕ ಮನ್ನಾ ಮಾಡಿದ ಸಂಬಳಕ್ಕೆ ಭಾರತ ತೆರಿಗೆ ಹಾಕಿತು. ಕ್ಯಾಲಿಫೋರ್ನಿಯಾಗೆ ಕಟ್ಟಿದ್ದನ್ನಾದರೂ ಕಳೆಯಬಹುದೇ ಎಂದೆ. ಒಪ್ಪಂದದಲ್ಲಿ ರಾಜ್ಯದ ತೆರಿಗೆ ಇಲ್ಲದ್ದರಿಂದ, ನಮ್ಮ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಒಪ್ಪಂದದ ಪ್ರಕಾರ ವಿದೇಶಿ ತೆರಿಗೆ ಕಳೆಯುವ 90ನೇ ಸೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. ಆದರೆ ವಿಪ್ರೊ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ 2015ರಲ್ಲಿ, ಅಮೆರಿಕದ ರಾಜ್ಯಗಳಿಗೆ ಕಟ್ಟಿದ ತೆರಿಗೆಗೆ, ಒಪ್ಪಂದ ಇಲ್ಲದ ಕಡೆಗಿರುವ 91ನೇ ಸೆಕ್ಷನ್ ಅಡಿ ಕ್ರೆಡಿಟ್ ಕೊಡಬೇಕು ಎಂದಿದೆ. ಅದು ಕಂಪನಿಯ ಲಾಭದ ಪ್ರಕರಣ, ನನ್ನದು ಸಂಬಳ. ಆದರೂ ಅದನ್ನೇ ಹಿಡಿದು ಕೇಳೋಣ ಅಂದರು ಆಡಿಟರ್.

ವರ್ಷದ ಲೆಕ್ಕ ಹೊಂದಿಸುವುದೇ ಕಷ್ಟದ ಕೆಲಸ. ಅಲ್ಲಿ ಜನವರಿ, ಇಲ್ಲಿ ಏಪ್ರಿಲ್. ಜನವರಿಯಿಂದ ಜುಲೈವರೆಗಿನ ಏಳು ತಿಂಗಳ ಕ್ಯಾಲಿಫೋರ್ನಿಯಾ ತೆರಿಗೆಯಲ್ಲಿ ನಾಲ್ಕು ತಿಂಗಳ ಪಾಲು ಮಾತ್ರ ತೆಗೆದು, ಅಲ್ಲಿನ ರಿಟರ್ನ್ ಪ್ರತಿ ಮತ್ತು ಡಬ್ಲ್ಯೂ-2 ಲಗತ್ತಿಸಿ, ಇಲ್ಲಿನ ರಿಟರ್ನ್‌ಗೂ ಮೊದಲು, ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೇಳುವ ಫಾರ್ಮ್ 67 ಹಾಕಿದೆವು.